ನಡುವೆ ಮಡಕೆ, ಸುತ್ತ ಊಟ: ಡೊನಾಬೆ ಟೇಬಲ್‌ಗೆ 13 ಸೂತ್ರಗಳು

ಜಪಾನಿನಲ್ಲಿ ಚಳಿ ಶುರುವಾಯಿತೆಂದರೆ ಮನೆಮನೆಯ ಕಪಾಟಿನಿಂದ ಡೊನಾಬೆ ಕೆಳಗಿಳಿಯುತ್ತದೆ. ಅಗಲ ಬಾಯಿ, ಎರಡು ಕಿವಿ, ಉಬ್ಬಿದ ಮುಚ್ಚಳದ ಮಣ್ಣಿನ ಮಡಕೆ ಅದು. ಅದರಲ್ಲಿ ತರಕಾರಿ, ತೋಫು, ಮೀನು, ಮಾಂಸ ಬೇಯಿಸಿಕೊಂಡು ಎಲ್ಲರೂ ಸೇರಿ ತಿನ್ನುವ ಊಟಕ್ಕೆ ನಾಬೆ ಎನ್ನುತ್ತಾರೆ. ಅಡುಗೆಮನೆಯಲ್ಲಿ ಆಗುವುದು ತೊಳೆದು ಹೆಚ್ಚುವ ಕೆಲಸ ಮಾತ್ರ. ಒಲೆ, ಕುದಿ, ಬಡಿಸುವುದು ಎಲ್ಲ ಊಟದ ಮೇಜಿನ ಮೇಲೆಯೇ. ಊಟಕ್ಕೆ ಕೂತವರೆಲ್ಲ ಅರ್ಧ ಅಡುಗೆಯವರು.

ಹಾಗಾಗಿ ಈ ಟೇಬಲ್ ಸಿಂಗರಿಸುವ ಲೆಕ್ಕವೇ ಬೇರೆ. ಮಧ್ಯದಲ್ಲಿ ಬೆಂಕಿ, ಬೆಂಕಿಯ ಮೇಲೆ ಕುದಿಯುವ ಸಾರು, ಸಾರಿನ ಮೇಲೆ ನಾಲ್ಕಾರು ಕೈಗಳ ಓಡಾಟ. ಕೈಗೆ ದಾರಿ ಸಲೀಸಾಗಿದ್ದರೆ ಟೇಬಲ್ ತಾನಾಗಿಯೇ ಚೆಂದ ಕಾಣುತ್ತದೆ. ದಾರಿ ಕಟ್ಟಿದರೆ ಎಂಥ ದುಬಾರಿ ತಟ್ಟೆ ಇಟ್ಟರೂ ಸಂತೆ. ಕೆಳಗಿನ ಸೂತ್ರಗಳೆಲ್ಲ ಈ ಒಂದೇ ಮಾತಿನ ವಿಸ್ತಾರ.

1. ಮೊದಲು ತಲೆ ಎಣಿಸಿ, ಆಮೇಲೆ ಮಡಕೆ ಆರಿಸಿ

ಡೊನಾಬೆಗೆ ಜಪಾನಿನಲ್ಲಿ ನಂಬರಿನ ಅಳತೆ ಇದೆ. ಒಂದು ನಂಬರಿಗೆ ಅಡ್ಡಳತೆಯಲ್ಲಿ ಸುಮಾರು 3 ಸೆಂ.ಮೀ. 6ನೇ ನಂಬರಿನದು ಒಬ್ಬರಿಗೆ, 7 ಇಬ್ಬರಿಗೆ, 8 ಮೂರು-ನಾಲ್ಕು ಜನರಿಗೆ, 9 ನಾಲ್ಕೈದು ಜನರಿಗೆ, 10 ಐದಾರು ಜನರಿಗೆ. ಇರಲಿ ಎಂದು ದೊಡ್ಡದನ್ನೇ ತಂದರೆ ಇಬ್ಬರ ಊಟದಲ್ಲಿ ಮಡಕೆ ಬರಿದಾಗಿ ಕಾಣುತ್ತದೆ, ಪುಟ್ಟ ಒಲೆಯ ಮೇಲೆ ಸರಿಯಾಗಿ ಕೂರುವುದೂ ಇಲ್ಲ. ಆರು ಜನ ದಾಟಿದರೆ ಒಂದು ಹಂಡೆಗಾತ್ರದ ಮಡಕೆಗಿಂತ ಟೇಬಲ್‌ನ ಎರಡು ತುದಿಗೆ ಎರಡು ಮಡಕೆ ಮೇಲು. ಮಡಕೆಗೆ ಕೈ ಎಟುಕದ ಕುರ್ಚಿಯಲ್ಲಿ ಕೂತವರು ಊಟ ಮುಗಿಯುವವರೆಗೂ ಬೇರೆಯವರ ಮುಖ ನೋಡುತ್ತಿರಬೇಕಾಗುತ್ತದೆ.

2. ಮಡಕೆಯ ಊರು ನೋಡಿ ತಟ್ಟೆ ಜೋಡಿಸಿ

ಡೊನಾಬೆಗೆ ಹೆಸರಾದ ಎರಡು ಊರುಗಳೂ ಮಿಯೆ ಪ್ರಾಂತ್ಯದಲ್ಲೇ ಇವೆ. ಒಂದು ಇಗಾ, ನಿಂಜಾಗಳ ಊರೆಂದು ಪ್ರವಾಸಿಗರಿಗೆ ಗೊತ್ತಿರುವ ಅದೇ ಇಗಾ. ಅಲ್ಲಿನ ಮಣ್ಣು ಸುಮಾರು 40 ಲಕ್ಷ ವರ್ಷಗಳ ಹಿಂದಿನ ಸರೋವರದ ತಳದ್ದು. ಅದರಲ್ಲಿ ಸೇರಿಕೊಂಡ ಗಿಡಮರಗಳ ಅವಶೇಷ ಆವಿಗೆಯಲ್ಲಿ ಸುಟ್ಟುಹೋಗಿ ಮಡಕೆಯ ಮೈತುಂಬ ಸಣ್ಣ ಸಣ್ಣ ರಂಧ್ರ ಉಳಿಯುತ್ತದೆ. ಅದಕ್ಕೇ ಇಗಾ ಮಡಕೆ ನಿಧಾನ ಕಾಯುತ್ತದೆ, ನಿಧಾನ ಆರುತ್ತದೆ. ಅದರ ಮೈ ಒರಟು, ಬಣ್ಣ ಕಂದು ಅಥವಾ ಕಪ್ಪು.

ಇನ್ನೊಂದು ಯೊಕ್ಕಾಯಿಚಿ. ಅಲ್ಲಿನ ಬಾಂಕೊ ಮಡಕೆಗಳ ಮಣ್ಣಿಗೆ ಪೆಟಲೈಟ್ ಎಂಬ ಲಿಥಿಯಂ ಖನಿಜ ಬೆರೆಸುತ್ತಾರೆ. ಬಿಸಿಗೆ ಹಿಗ್ಗುವುದು ಕಡಿಮೆಯಾದ್ದರಿಂದ ಬೇಗ ಸೀಳುವುದಿಲ್ಲ. ಜಪಾನಿನಲ್ಲೇ ತಯಾರಾಗುವ ಡೊನಾಬೆಗಳಲ್ಲಿ ಬಹುಪಾಲು ಇಲ್ಲಿನವು. ನುಣುಪು ಮೈ, ಹೂಬಳ್ಳಿಯ ಚಿತ್ತಾರ ಇವಕ್ಕೆ ಸಾಮಾನ್ಯ.

ಜೋಡಿಸುವಾಗ ಲೆಕ್ಕ ಸರಳ. ಒರಟು ಇಗಾಕ್ಕೆ ಬಿಳಿ ಅಥವಾ ನೀಲಿ-ಬಿಳಿ ಪಿಂಗಾಣಿ ಬಟ್ಟಲು ಒಪ್ಪುತ್ತದೆ. ಚಿತ್ತಾರದ ಬಾಂಕೊ ಇದ್ದರೆ ಸುತ್ತಲಿನ ಪಾತ್ರೆಗಳು ಒಂದೇ ಬಣ್ಣದವಾಗಿರಲಿ. ಎಲ್ಲವೂ ಒಂದೇ ಸೆಟ್ಟಿನದಾಗಬೇಕೆಂಬ ಹಟ ಬೇಡ. ಜಪಾನೀ ಊಟದಲ್ಲಿ ಪಿಂಗಾಣಿ, ಮಣ್ಣು, ಮರ, ಬಿದಿರು, ಅರಗಿನ ಬಟ್ಟಲು ಬೆರೆತು ಕೂರುವುದೇ ರೂಢಿ.

3. ಹೊಸ ಮಡಕೆಗೆ ಮೊದಲು ಗಂಜಿ

ತಂದ ದಿನವೇ ಅತಿಥಿಗಳ ಮುಂದೆ ಇಡಬೇಡಿ. ತೊಳೆದು ಒಣಗಿಸಿ, ಮುಕ್ಕಾಲು ಭಾಗ ನೀರು ತುಂಬಿ, ಒಂದೆರಡು ಬಟ್ಟಲು ಅನ್ನ ಹಾಕಿ, ಸಣ್ಣ ಉರಿಯಲ್ಲಿ ಗಂಜಿ ಕಾಯಿಸಿ. ಉರಿ ಆರಿಸಿ ಗಂಜಿ ಮಡಕೆಯಲ್ಲೇ ಪೂರ್ತಿ ತಣ್ಣಗಾಗಲಿ. ಗಂಜಿಯ ಪಿಷ್ಟ ರಂಧ್ರಗಳಲ್ಲಿ ಕೂತು ಸೋರಿಕೆ ತಡೆಯುತ್ತದೆ. ನಮ್ಮಲ್ಲಿ ಹೊಸ ಮಣ್ಣಿನ ಪಾತ್ರೆಗೆ ಅಕ್ಕಿ ತೊಳೆದ ನೀರೋ ಗಂಜಿಯೋ ಹಾಕಿ ಕುದಿಸಿ ಪಳಗಿಸುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆಮೇಲೆ ತೊಳೆದು ಒಂದು ದಿನ ಗಾಳಿಗೆ ಒಣಗಿಸಿ. ಅಂದರೆ ಔತಣಕ್ಕೆ ಎರಡು ದಿನ ಮೊದಲೇ ಮಡಕೆ ಮನೆಯಲ್ಲಿರಬೇಕು.

4. ಒಲೆಯ ಜಾಗ ಗೊತ್ತಾಗದೆ ಒಂದು ಲೋಟವನ್ನೂ ಇಡಬೇಡಿ

ಈ ಊಟಕ್ಕೆ ಬಳಸುವುದು ಪಕ್ಕದಲ್ಲಿ ಗ್ಯಾಸ್ ಡಬ್ಬಿ ಸಿಕ್ಕಿಸುವ ಚಪ್ಪಟೆ ಕ್ಯಾಸೆಟ್ ಸ್ಟವ್. ಜಪಾನಿನ ಇವಾತಾನಿ ಕಂಪನಿ 1969ರಲ್ಲಿ ಕೊಳವೆಯಿಲ್ಲದ ಇಂಥ ಒಲೆಯನ್ನು ಮಾರುಕಟ್ಟೆಗೆ ತಂದ ಮೇಲೆ ಮನೆಯ ಊಟದ ಮೇಜಿನ ನಡುವೆ ಬೆಂಕಿ ಇಡುವುದು ಸಲೀಸಾಯಿತು. ಇಂಡಕ್ಷನ್ ಒಲೆಗೆಂದೇ ಮಾಡಿದ ಡೊನಾಬೆಗಳು ಬೇರೆ ಇವೆ. ಸಾಧಾರಣ ಡೊನಾಬೆ ಇಂಡಕ್ಷನ್ ಮೇಲೆ ಕಾಯುವುದೇ ಇಲ್ಲ.

ಒಲೆ ಇಡುವಾಗ ಇಷ್ಟು ನೋಡಿ:

• ಗ್ಯಾಸ್ ಡಬ್ಬಿಯ ಪಕ್ಕ ಮಕ್ಕಳ ಕುರ್ಚಿಯ ಕಡೆಗೆ ಬೇಡ. ಉರಿ ತಿರುಗಿಸುವ ಗುಬ್ಬಿ ಬಡಿಸುವವರ ಕಡೆಗಿರಲಿ.

• ಮಡಕೆ ಡಬ್ಬಿಯ ಮೇಲಕ್ಕೆ ಚಾಚಿಕೊಂಡಿರಬಾರದು. ಚಾಚಿದರೆ ಬಿಸಿ ಡಬ್ಬಿಗೆ ಹೊಡೆದು ಒಳಗಿನ ಒತ್ತಡ ಏರುತ್ತದೆ, ಸಿಡಿಯುವ ಅಪಾಯವಿದೆ. ಎಷ್ಟು ಅಗಲದ ಪಾತ್ರೆಯವರೆಗೆ ಇಡಬಹುದು ಎಂದು ಒಲೆಯ ಕೈಪಿಡಿಯಲ್ಲಿ ಬರೆದಿರುತ್ತದೆ.

• ಸೀಲಿಂಗ್ ಫ್ಯಾನ್ ಆರಿಸಿ, ಕಿಟಕಿ ಒಂದಿಷ್ಟು ತೆರೆಯಿರಿ. ಫ್ಯಾನ್ ಗಾಳಿಗೆ ಉರಿ ಒಂದು ಕಡೆ ವಾಲಿ ಮಡಕೆಯ ಅರ್ಧ ಮಾತ್ರ ಕುದಿಯುತ್ತದೆ.

• ಮಡಕೆಯ ತಳ ಒದ್ದೆಯಿದ್ದರೆ ಒಲೆಯ ಮೇಲಿಡಬೇಡಿ, ಒರಸಿ. ಮಡಕೆ ಸೀಳುವುದಕ್ಕೆ ದೊಡ್ಡ ಕಾರಣ ಇದೇ. ಖಾಲಿ ಮಡಕೆಯನ್ನೂ ಕಾಯಿಸಬಾರದು.

5. ಮೇಜುಬಟ್ಟೆ ತೆಗೆಯಿರಿ, ಹೂದಾನಿ ಪಕ್ಕದ ಕೋಣೆಗೆ ಕಳಿಸಿ

ಬೆಂಕಿಯ ಸುತ್ತ ಜೋತಾಡುವ ಬಟ್ಟೆ ಬೇಡ, ಕರಗುವ ಪ್ಲಾಸ್ಟಿಕ್ ಹಾಸೂ ಬೇಡ. ಬರಿಯ ಮರದ ಮೇಜಿನಷ್ಟು ಡೊನಾಬೆಗೆ ಹೊಂದುವ ಹಿನ್ನೆಲೆ ಇನ್ನಿಲ್ಲ. ಎತ್ತರದ ಹೂದಾನಿ ಇಟ್ಟರೆ ಎದುರಿನವರ ಮುಖ ಕಾಣುವುದಿಲ್ಲ. ಸುವಾಸನೆಯ ಮೇಣದಬತ್ತಿ ಸಾರಿನ ಪರಿಮಳವನ್ನು ಕೆಡಿಸುತ್ತದೆ. ಅಲಂಕಾರ ಬೇಕೇಬೇಕು ಅನಿಸಿದರೆ ಋತುವನ್ನು ಹೇಳುವ ಒಂದೇ ಒಂದು ವಸ್ತು ಸಾಕು. ಶರತ್ಕಾಲದಲ್ಲಿ ಕೆಂಪು ಮೇಪಲ್ ಎಲೆ, ಚಳಿಗಾಲದಲ್ಲಿ ಕೆಂಪು ಕಾಯಿಯ ನಾನ್‌ತೆನ್ ಕಡ್ಡಿ ಜಪಾನೀಯರ ರೂಢಿ. ಅದನ್ನೂ ತಟ್ಟೆಯ ಅಂಚಿನಲ್ಲಿ ಮಲಗಿಸಿ, ನಿಲ್ಲಿಸಬೇಡಿ. 2013ರಲ್ಲಿ ಯುನೆಸ್ಕೊ ಜಪಾನೀ ಆಹಾರ ಸಂಪ್ರದಾಯವನ್ನು ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದಾಗ, ಋತುವಿನ ಚೆಲುವನ್ನು ಊಟದಲ್ಲಿ ತೋರಿಸುವ ಗುಣವೂ ಅದರ ಲಕ್ಷಣಗಳಲ್ಲಿ ಒಂದೆಂದು ಎಣಿಕೆಯಾಗಿತ್ತು.

6. ನಿಜವಾದ ಸಿಂಗಾರ ತರಕಾರಿ ತಟ್ಟೆಯಲ್ಲಿದೆ

ಮಡಕೆಗೆ ಮುಚ್ಚಳ ಇರುವಷ್ಟು ಹೊತ್ತು ಎಲ್ಲರ ಕಣ್ಣಿಗೆ ಬೀಳುವುದು ಹಸಿ ಸಾಮಗ್ರಿಯ ದೊಡ್ಡ ತಟ್ಟೆ. ಇದಕ್ಕೆ ಹೊತ್ತು ಕೊಡಿ, ಬೇರೆಲ್ಲಕ್ಕಿಂತ ಹೆಚ್ಚು.

ಕತ್ತರಿಸುವಲ್ಲಿಂದ ಶುರು ಮಾಡಿ. ಹಾಕುಸಾಯಿ ಎಂಬ ಉದ್ದ ಕೋಸಿನ ಬಿಳಿ ದಂಟನ್ನೂ ಹಸಿರು ಎಲೆಯನ್ನೂ ಬೇರೆ ಮಾಡಿ. ದಂಟಿಗೆ ಚಾಕುವನ್ನು ಓರೆ ಹಿಡಿದು ಹೋಳು ಮಾಡಿದರೆ ಕತ್ತರಿಸಿದ ಮೈ ಅಗಲವಾಗಿ ಸಾರು ಬೇಗ ಹೀರುತ್ತದೆ. ಎಲೆ ಕೈಯಗಲದಷ್ಟಿದ್ದರೆ ಸಾಕು. ಶಿಟಾಕೆ ಅಣಬೆಯ ತೊಟ್ಟು ತೆಗೆದು, ತಲೆಯ ಮೇಲೆ ಚಾಕುವಿನ ತುದಿಯಿಂದ ಮೂರು ಓರೆ ಗೀರು ಒಂದನ್ನೊಂದು ದಾಟುವಂತೆ ಕೊರೆಯಿರಿ. ಕಂದು ಬಣ್ಣದ ನಡುವೆ ಬಿಳಿ ನಕ್ಷತ್ರ ಮೂಡುತ್ತದೆ. ಕ್ಯಾರೆಟ್ಟನ್ನು ಐದೆಸಳಿನ ಪ್ಲಮ್ ಹೂವಿನಂತೆ ಕೊರೆಯುವುದು ಜಪಾನಿನ ಅಡುಗೆಮನೆಯ ಹಳೆಯ ಕೈಚಳಕ. ನಾಲ್ಕು ಹೂವು ಸಾಕು, ಉಳಿದದ್ದು ಬಿಲ್ಲೆಯಾಗಿಯೇ ಇರಲಿ.

ಈಗ ಜೋಡಣೆ. ಹಿಂದೆ ಎತ್ತರ, ಮುಂದೆ ತಗ್ಗು. ಕೋಸನ್ನು ಹಿಂದೆ ಗುಡ್ಡೆ ಹಾಕಿ, ಅದಕ್ಕೆ ಒರಗಿಸಿ ಓರೆ ಕತ್ತರಿಸಿದ ಈರುಳ್ಳಿ ದಂಟು, ಅದರ ಮುಂದೆ ತೋಫು, ಮುಂದಿನ ಸಾಲಿಗೆ ಅಣಬೆ ಮತ್ತು ಕ್ಯಾರೆಟ್. ಬಗೆಬಗೆಯದನ್ನು ಬೆರೆಸಿ ಹರಡದೆ ಒಂದೊಂದನ್ನೂ ಗುಂಪಾಗಿ ಇಡಿ. ಬಿಳಿ, ಕಪ್ಪು, ಕೆಂಪು, ಹಳದಿ, ಹಸಿರು, ಈ ಐದೂ ಬಣ್ಣ ಇವೆಯೇ ಎಂದು ಒಮ್ಮೆ ನೋಡಿ. ಹಳದಿ ಇಲ್ಲದಿದ್ದರೆ ಒಂದು ತುಂಡು ಸಿಹಿಗುಂಬಳ.

ಈ ಗುಂಪುಗಾರಿಕೆಯಿಂದ ಇನ್ನೊಂದು ಅನುಕೂಲವಿದೆ. ಮೊದಲು ಹಾಕಬೇಕಾದ ದಂಟು, ಕ್ಯಾರೆಟ್, ಅಣಬೆ ಒಂದು ಪಕ್ಕ. ಕೊನೆಗೆ ಹಾಕಬೇಕಾದ ಎಲೆ ಮತ್ತು ಸೇವಂತಿಗೆ ಕುಟುಂಬದ ಶುಂಗಿಕು ಸೊಪ್ಪು ಇನ್ನೊಂದು ಪಕ್ಕ ಇದ್ದರೆ, ಯಾರೇ ಕೈ ಹಾಕಿದರೂ ಬೇಯುವ ಕ್ರಮ ತಪ್ಪುವುದಿಲ್ಲ. ಶುಂಗಿಕು ಸಾರಿನಲ್ಲಿ ಅರ್ಧ ನಿಮಿಷ ಹೆಚ್ಚು ನಿಂತರೂ ಕಹಿ.

ಒಂದು ಭಾರಿ ತಟ್ಟೆಯ ಬದಲು ಅಂಥದೇ ಎರಡು ಮಾಡಿ, ಒಲೆಯ ಎರಡು ಬದಿಗೂ ಒಂದೊಂದು ಇಡಿ. ಮಾಂಸ, ಮೀನು ಬೇರೆ ತಟ್ಟೆಯಲ್ಲಿ, ಬೇರೆ ಚಾಪ್‌ಸ್ಟಿಕ್ ಜೊತೆಗೆ.

7. ಒಬ್ಬೊಬ್ಬರ ಮುಂದೆ ಐದೇ ಸಾಮಾನು

ಒಂದು ಬಟ್ಟಲು, ಒಂದು ಜೊತೆ ಚಾಪ್‌ಸ್ಟಿಕ್, ಅದನ್ನು ಒರಗಿಸುವ ಪುಟ್ಟ ದಿಂಬು, ಸಾರು ಕುಡಿಯಲು ಚಪ್ಪಟೆ ತಳದ ಪಿಂಗಾಣಿ ಚಮಚ, ಕೈಯೊರಸುವ ಒದ್ದೆ ಬಟ್ಟೆ. ಬಟ್ಟಲಿಗೆ ತೋನ್‌ಸುಯಿ ಸಿಕ್ಕಿದರೆ ಒಳ್ಳೆಯದು. ಅದರ ಅಂಚಿನಲ್ಲಿ ಒಂದು ಕಿವಿ ಚಾಚಿಕೊಂಡಿರುತ್ತದೆ, ಬಿಸಿ ಸಾರಿದ್ದರೂ ಬೆರಳು ಸುಡದೆ ಎತ್ತಬಹುದು. ಚಾಪ್‌ಸ್ಟಿಕ್ ಊಟ ಮಾಡುವವರ ಮುಂದೆ ಅಡ್ಡಡ್ಡ, ಚೂಪು ತುದಿ ಎಡಕ್ಕೆ.

ಈ ಸ್ವಂತದ ಜಾಗಕ್ಕೆ ಒಂದು ಚರಿತ್ರೆ ಇದೆ. ಹಿಂದಿನ ಜಪಾನಿನಲ್ಲಿ ಮನೆಮಂದಿ ಒಬ್ಬೊಬ್ಬರೂ ತಮ್ಮತಮ್ಮ ಪುಟ್ಟ ಮಣೆಯ ಮುಂದೆ ಬೇರೆಬೇರೆ ಕೂತು ಉಣ್ಣುತ್ತಿದ್ದರು. ಎಲ್ಲರೂ ಸುತ್ತ ಕೂರುವ ಚಬುದಾಯಿ ಎಂಬ ಗಿಡ್ಡ ಮೇಜು ಮನೆಗಳಲ್ಲಿ ಹರಡಿದ್ದು 20ನೇ ಶತಮಾನದ ಮೊದಲ ದಶಕಗಳಲ್ಲಿ. ಇಂದಿನ ನಾಬೆ ಟೇಬಲ್‌ನಲ್ಲಿ ಎರಡೂ ಉಳಿದಿವೆ: ಅಂಚಿನಲ್ಲಿ ನನ್ನದು, ನಡುವೆ ನಮ್ಮದು. ಇವೆರಡರ ಮಧ್ಯೆ ಒಂದು ಗೇಣು ಜಾಗ ಖಾಲಿ ಬಿಡಿ. ಬಡಿಸಿಕೊಳ್ಳುವ ಬಟ್ಟಲು ಮುಂದೆ ಬರುವುದು ಆ ಗೇಣಿನಲ್ಲೇ.

8. ಎಂಜಲಿನ ಮಾತು ಮೊದಲೇ ಬಗೆಹರಿಸಿ

ಒಂದೇ ಮಡಕೆಗೆ ಎಲ್ಲರ ಕೈ ಎಂದ ಕೂಡಲೇ ನಮ್ಮವರ ಮನಸ್ಸಿಗೆ ಬರುವ ಮೊದಲ ಪ್ರಶ್ನೆ ಇದು. ಜಪಾನೀಯರಿಗೂ ಈ ಪ್ರಶ್ನೆ ಹೊಸತಲ್ಲ. ಮನೆಯವರಷ್ಟೇ ಇದ್ದಾಗ ತಮ್ಮ ಚಾಪ್‌ಸ್ಟಿಕ್ಕನ್ನೇ ಮಡಕೆಗೆ ಅದ್ದುವುದುಂಟು, ಅತಿಥಿಗಳಿದ್ದಾಗ ಅದು ಒರಟುತನ. ಅದಕ್ಕೇ ತೊರಿಬಾಶಿ ಎಂಬ ಬಡಿಸುವ ಚಾಪ್‌ಸ್ಟಿಕ್ ಬೇರೆ ಇಡುತ್ತಾರೆ. ಇದು ಉಳಿದವಕ್ಕಿಂತ ಉದ್ದವಾಗಿರಲಿ, ಬೇರೆ ಬಣ್ಣದ್ದಾಗಿರಲಿ. ಮಾತಿನ ಭರದಲ್ಲಿ ಯಾರೂ ತಮ್ಮದೆಂದು ಬಾಯಿಗಿಡಬಾರದು. ನಾಲ್ವರಿಗೆ ಎರಡು ಜೊತೆ, ಮಡಕೆಯ ಎರಡು ಕಡೆ, ಉದ್ದನೆಯ ತಟ್ಟೆಯ ಮೇಲೆ.

ತಮ್ಮ ಚಾಪ್‌ಸ್ಟಿಕ್ ತಿರುಗಿಸಿ ಹಿಂಬದಿಯಿಂದ ಬಡಿಸಿಕೊಳ್ಳುವುದು ಜಾಣತನದಂತೆ ಕಂಡರೂ ಅಲ್ಲಿನ ಶಿಷ್ಟಾಚಾರದಲ್ಲಿ ಒಪ್ಪಿಗೆಯಿಲ್ಲ, ಅದು ಕೈ ಹಿಡಿದ ಕಡೆಯಲ್ಲವೇ. ಮಡಕೆಯ ತಳ ಕೆದಕಿ ಬೇಕಾದ ತುಂಡು ಹುಡುಕುವುದೂ ಕೂಡದು. ಎರಡು ತಪ್ಪುಗಳನ್ನಂತೂ ಮಾಡಲೇಬಾರದು: ಚಾಪ್‌ಸ್ಟಿಕ್ಕಿನಿಂದ ಚಾಪ್‌ಸ್ಟಿಕ್ಕಿಗೆ ತುಂಡು ದಾಟಿಸುವುದು, ಅನ್ನದಲ್ಲಿ ಚಾಪ್‌ಸ್ಟಿಕ್ ನೆಟ್ಟಗೆ ಚುಚ್ಚಿ ನಿಲ್ಲಿಸುವುದು. ಮೊದಲನೆಯದು ಚಿತೆಯ ನಂತರ ಅಸ್ಥಿ ಆರಿಸುವ ಕ್ರಮ, ಎರಡನೆಯದು ಸತ್ತವರಿಗೆ ಎಡೆ ಇಡುವ ಕ್ರಮ.

9. ಮುಚ್ಚಳಕ್ಕೆ ಮನೆ ಕಟ್ಟಿ

ಎಲ್ಲರೂ ಮರೆಯುವುದು ಇದನ್ನೇ. ಹಬೆಯಾಡುವ ಮಡಕೆಯ ಮುಚ್ಚಳ ತೆಗೆದು ‘ಆಹಾ’ ಅನಿಸಿಕೊಂಡ ಮೇಲೆ, ಕೈಯಲ್ಲಿ ಬಿಸಿ ನೀರು ತೊಟ್ಟಿಕ್ಕುವ ಮುಚ್ಚಳ ಹಿಡಿದು ಎಲ್ಲಿಡಲಿ ಎಂದು ಹುಡುಕುವುದು. ಬಡಿಸುವವರ ಬಲಗಡೆ ಒಂದು ಮರದ ಟ್ರೇ, ಅದರ ಮೇಲೆ ಮಡಚಿದ ಒಣ ಬಟ್ಟೆ ಇಡಿ. ಮುಚ್ಚಳವನ್ನು ನಿಮ್ಮ ಕಡೆಯಿಂದ ಆಚೆಗೆ ಓರೆ ಮಾಡಿ ಎತ್ತದಿರಿ. ಮುಖ ಹಿಂದಿಟ್ಟುಕೊಂಡು ನೇರ ಮೇಲೆತ್ತಿ, ನೀರು ಮಡಕೆಗೇ ಇಳಿಯಲು ಬಿಟ್ಟು ಆಮೇಲೆ ಪಕ್ಕಕ್ಕೆ ತನ್ನಿ; ಎದುರಿನವರ ಮೇಲೆ ಹಬೆ ನುಗ್ಗುವುದಿಲ್ಲ.

ಮಡಕೆ ಅಡುಗೆಮನೆಯಲ್ಲೇ ಕುದ್ದು ಬರುವುದಾದರೆ ಕೆಳಗೆ ಒಣಗಿದ ಸಿಂಬಿ ಇರಲೇಬೇಕು. ಹುಲ್ಲಿನದೋ ಮರದ್ದೋ ಆಗಬಹುದು. ಒದ್ದೆ ಕಲ್ಲು ಅಥವಾ ಗಾಜಿನ ಮೇಲೆ ಬಿಸಿ ಮಡಕೆ ಇಟ್ಟರೆ ಸೀಳು ಬಿಡುತ್ತದೆ. ಸೌಟು, ನೊರೆ ತೆಗೆಯುವ ಸಣ್ಣ ಜಾಲರಿ ಸೌಟು, ಆ ನೊರೆ ಹಾಕಲು ನೀರು ತುಂಬಿದ ಬಟ್ಟಲು, ಇವು ಮೂರೂ ಇದೇ ಟ್ರೇಯ ಒಡನಾಡಿಗಳು.

10. ವ್ಯಂಜನಗಳು ಪುಟ್ಟವಿರಲಿ, ಎರಡೆರಡು ಇರಲಿ

ಮಡಕೆಯ ಸಾರು ಸಪ್ಪೆ, ರುಚಿ ಬಟ್ಟಲಿನಲ್ಲಿ ಎಂಬುದು ಹಲವು ನಾಬೆಗಳ ಗುಟ್ಟು. ಸಿಟ್ರಸ್ ರಸ ಬೆರೆತ ಹುಳಿ ಸೋಯಾ ಸಾಸ್ ಪೊನ್‌ಜು, ಎಳ್ಳಿನ ಗೊಜ್ಜು, ಕೆಂಪು ಮೆಣಸು ಸೇರಿಸಿ ತುರಿದ ಮೂಲಂಗಿ, ಸಣ್ಣಗೆ ಹೆಚ್ಚಿದ ಈರುಳ್ಳಿ ದಂಟು, ಯೂಜು ಎಂಬ ಸಿಟ್ರಸ್ ಹಣ್ಣಿನ ಸಿಪ್ಪೆಯ ಖಾರದ ಮಿಶ್ರಣ. ಇವನ್ನು ಬಾಟಲಿಯಲ್ಲೇ ತಂದಿಡಬೇಡಿ. ಅಂಗೈಯಲ್ಲಿ ಕೂರುವಷ್ಟು ಬಟ್ಟಲುಗಳಲ್ಲಿ ಸ್ವಲ್ಪಸ್ವಲ್ಪ ಹಾಕಿ, ಟೇಬಲ್‌ನ ಎರಡೂ ಬದಿಗೆ ಒಂದೊಂದು ಸೆಟ್. ಮುಗಿದರೆ ತುಂಬಿಸಬಹುದು. ಕುದಿಯುವ ಮಡಕೆಯ ಮೇಲೆ ತೋಳು ಚಾಚಿ ಬಟ್ಟಲು ದಾಟಿಸುವ ಪ್ರಮೇಯ ತಪ್ಪುತ್ತದೆ.

11. ಯಜಮಾನಿಕೆ ಒಬ್ಬರಿಗೇ ಕೊಡಿ

ಏನನ್ನು ಯಾವಾಗ ಹಾಕಬೇಕು, ಯಾವುದು ಬೆಂದಿದೆ ಎಂದು ಅಧಿಕಾರ ಚಲಾಯಿಸುವವರನ್ನು ಜಪಾನೀಯರು ತಮಾಷೆಗೆ ನಾಬೆ ಬುಗ್ಯೋ ಎನ್ನುತ್ತಾರೆ. ಬುಗ್ಯೋ ಎಂದರೆ ಎದೊ ಕಾಲದ ಆಡಳಿತಾಧಿಕಾರಿ. ಎಷ್ಟು ಗೇಲಿ ಮಾಡಿದರೂ ಇಂಥ ಒಬ್ಬರು ಬೇಕು, ಇಲ್ಲವಾದರೆ ಅರ್ಧ ಬೆಂದ ಕೋಳಿಯೂ ಕರಗಿಹೋದ ತೋಫೂ ಒಟ್ಟಿಗೆ ಬಟ್ಟಲಿಗೆ ಬೀಳುತ್ತವೆ. ಅವರ ಕುರ್ಚಿ ಅಡುಗೆಮನೆಯ ಬಾಗಿಲಿಗೆ ಹತ್ತಿರ, ಒಲೆಯ ಗುಬ್ಬಿಗೆ ಎದುರು.

ಅತಿಥಿಗಳು ಬರುವ ಅರ್ಧ ಗಂಟೆ ಮೊದಲು ಇದನ್ನೂ ಮಾಡಿ: ಪ್ರತಿ ಕುರ್ಚಿಯಲ್ಲೂ ಒಮ್ಮೆ ಕೂತು ಕೈ ಚಾಚಿ. ಏಳದೆ ಮಡಕೆ, ತರಕಾರಿ, ಪೊನ್‌ಜು ಮೂರೂ ಎಟುಕಬೇಕು. ಎಟುಕದ್ದನ್ನು ಸರಿಸಿ, ಯಾರಿಗೂ ಬೇಡದ್ದನ್ನು ಎತ್ತಿಬಿಡಿ.

12. ಸಸ್ಯಾಹಾರಿಗಳಿಗೆ ಮೂಲೆಯಲ್ಲ, ಇನ್ನೊಂದು ಮಡಕೆ

ಅದೇ ಮಡಕೆಯನ್ನು ತೊಳೆದು ಬಳಸುವ ಉಪಾಯ ಇಲ್ಲಿ ನಡೆಯುವುದಿಲ್ಲ. ರಂಧ್ರದ ಮಣ್ಣು ವಾಸನೆ ಹಿಡಿದಿಟ್ಟುಕೊಳ್ಳುತ್ತದೆ. ನಮ್ಮ ಕರಾವಳಿಯಲ್ಲಿ ಮೀನು ಸಾರಿನ ಮಣ್ಣಿನ ಪಾತ್ರೆಯನ್ನು ಬೇರೆಯೇ ಇಡುವುದು ಇದೇ ಕಾರಣಕ್ಕೆ. ಚಿಕ್ಕ ಡೊನಾಬೆ ಒಂದನ್ನು ಸಸ್ಯಾಹಾರಕ್ಕೇ ಮೀಸಲಿಡಿ. ಕೊಂಬು ಎಂಬ ಕಡಲಪಾಚಿ ಮತ್ತು ಒಣ ಶಿಟಾಕೆ ಅಣಬೆಯನ್ನು ತಣ್ಣೀರಿನಲ್ಲಿ ನೆನೆಸಿ, ಸಣ್ಣ ಉರಿಯಲ್ಲಿ ಕಾಯಿಸಿ, ಕುದಿ ಬರುವ ಮೊದಲೇ ಕೊಂಬು ತೆಗೆದರೆ ಸೊಗಸಾದ ಸಾರು ಸಿದ್ಧ. ಕ್ಯೋಟೊದ ನಾನ್‌ಜೆನ್‌ಜಿ ದೇಗುಲದ ಸುತ್ತಮುತ್ತ ಹೆಸರಾದ ಯುದೋಫುವಿನಲ್ಲಿ ಇರುವುದು ಕೊಂಬು ಹಾಕಿದ ನೀರು, ಅದರಲ್ಲಿ ಮೃದು ತೋಫು, ಅಷ್ಟೇ. ಅಂಗಡಿಯ ಪೊನ್‌ಜು ಮತ್ತು ದಾಶಿ ಎಂಬ ಸಾರಿನ ಪುಡಿಯಲ್ಲಿ ಒಣ ಮೀನು ಸಾಮಾನ್ಯವಾಗಿ ಸೇರಿರುತ್ತದೆ, ಚೀಟಿ ಓದಿ. ನಿಂಬೆರಸ ಬೆರೆಸಿದ ಸೋಯಾ ಸಾಸ್ ಸುರಕ್ಷಿತ. ಈ ಮಡಕೆಯ ಸೌಟು, ಬಡಿಸುವ ಚಾಪ್‌ಸ್ಟಿಕ್ ಎರಡೂ ಬೇರೆ.

13. ಕೊನೆಯ ಸುತ್ತಿಗೆ ಟೇಬಲ್ ಖಾಲಿ ಮಾಡಿ, ಆಮೇಲೆ ಮಡಕೆಗೆ ವಿಶ್ರಾಂತಿ

ತರಕಾರಿ ಮುಗಿದರೆ ಊಟ ಮುಗಿದಂತಲ್ಲ. ಎಲ್ಲದರ ಸಾರ ಇಳಿದ ರಸದಲ್ಲಿ ಅನ್ನ ಅಥವಾ ಉದೋನ್ ಶಾವಿಗೆ ಹಾಕಿ ಮುಗಿಸುವುದಕ್ಕೆ ಶಿಮೆ ಎನ್ನುತ್ತಾರೆ. ಮೊದಲು ಖಾಲಿ ತಟ್ಟೆಗಳನ್ನು ಎತ್ತಿ, ಮಡಕೆಯಲ್ಲಿ ಉಳಿದ ತುಣುಕುಗಳನ್ನು ಜಾಲರಿ ಸೌಟಿನಿಂದ ತೆಗೆಯಿರಿ. ತಣ್ಣಗಿನ ಅನ್ನವನ್ನು ನೀರಿನಲ್ಲಿ ಒಮ್ಮೆ ಜಾಲಿಸಿ ಹಾಕಿದರೆ ರಸ ಗಂಜಿಗಟ್ಟುವುದಿಲ್ಲ. ಒಂದೆರಡು ಕುದಿ ಬಂದ ಮೇಲೆ ಕಲಕಿದ ಮೊಟ್ಟೆಯನ್ನು ಸುತ್ತಲೂ ಸುರಿದು, ಉರಿ ಆರಿಸಿ, ಮುಚ್ಚಳ ಮುಚ್ಚಿ ಒಂದು ನಿಮಿಷ ಬಿಡಿ. ಮೊಟ್ಟೆ ತಿನ್ನದವರಿಗೆ ಹುರಿದ ಎಳ್ಳು ಮತ್ತು ಈರುಳ್ಳಿ ದಂಟು ಸಾಕು. ಇದಕ್ಕೆಂದು ಹೊಸ ಬಟ್ಟಲು ಕೊಡಿ.

ತೊಳೆಯುವುದು ಮಡಕೆ ಪೂರ್ತಿ ಆರಿದ ಮೇಲೆ. ಬಿಸಿ ಮಡಕೆಗೆ ತಣ್ಣೀರು ಹಾಕಿದರೆ ಸೀಳುತ್ತದೆ, ರಾತ್ರಿಯಿಡೀ ನೆನೆಸಿದರೆ ಮಣ್ಣು ಸಾಬೂನಿನ ನೀರು ಕುಡಿಯುತ್ತದೆ. ಮೆತ್ತನೆ ಸ್ಪಂಜಿನಲ್ಲಿ ತೊಳೆದು, ಕವುಚಿಟ್ಟು, ಒಂದೆರಡು ದಿನ ತಳ ಒಣಗಿದ ಮೇಲಷ್ಟೇ ಕಪಾಟಿಗೆ. ಹಸಿಯಿದ್ದರೆ ಬೂಸ್ಟು ಖಂಡಿತ. ಮೆರುಗಿನಲ್ಲಿ ಕಾಣುವ ಕೂದಲೆಳೆಯಂಥ ಗೆರೆಗಳಿಗೆ ಹೆದರಬೇಡಿ, ಬಳಸಿದ ಡೊನಾಬೆಯ ಗುರುತು ಅದು. ಸೋರಿದರೆ ಮತ್ತೊಮ್ಮೆ ಗಂಜಿ ಕಾಯಿಸಿ. ಆಮೇಲೂ ಸೋರಿದರೆ ತಳಕ್ಕೊಂದು ತೂತು ಕೊರೆದು ಒಂದೆಲಗ ನೆಡಿ, ಹೊಸ ಮಡಕೆಗೆ ದುಡ್ಡು ಕೂಡಿಡಿ.